ನಂದಕಿಶೋರನ ಹೊಟ್ಟೆ, ಅತ್ಯಾನ ಹರಕೆ

ನಂದಕಿಶೋರನನ್ನು ನಾನು ಮೊದಲು ಕಂಡದ್ದು ಬಬಲೇಶ್ವರದ ಶಾಲೆಯಲ್ಲಿ, ಅವನು ಐದನೆಯ ಇಯತ್ತೆಗೆ ಹೆಸರು ಹಚ್ಚಿದ ದಿನ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರೆಲ್ಲ ಬುತ್ತಿ ಉಂಡು, ಕೈತೊಳೆದು, ಬೇವಿನ ಗಿಡದ ಕೆಳಗೆ ಆಡಲು ಓಡಿದ್ದರು. ಇವನೊಬ್ಬ ವರ್ಗದ ಮೂಲೆಯಲ್ಲಿ ಬುತ್ತಿಯ ಅರಿವೆ ಬಿಚ್ಚಿಕೊಂಡು ಕುಳಿತು ಅಳುತ್ತಿದ್ದ. ಕಡ್ಡಿಯಂಥ ಹುಡುಗ; ಅಂಗಿಯ ತೋಳಿನೊಳಗೆ ಇನ್ನೊಂದು ತೋಳು ಹಿಡಿಸುವಷ್ಟು ಜಾಗವಿತ್ತು. ಎದುರಿಗೆ ಮೂರು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಂಗೈಯಗಲ ಬೆಣ್ಣೆ, ಎಲ್ಲಕ್ಕೂ ಮೇಲೆ ಒಂದು ಹೋಳಿಗೆ.

"ಯಾಕಪಾ, ಮನಿ ನೆನಪಾತೇನು?" ಎಂದು ಕೇಳಿದೆ.

"ಇಲ್ರಿ ಸರ. ಬುತ್ತಿ ಭಾಳ ಆತ್ರಿ."

"ಭಾಳ ಆದ್ರ ಉಳಸು."

"ಉಳಿಸಿದ್ರ ಅತ್ಯಾ ಅಳ್ತಾಳ್ರಿ."

ಅತ್ಯಾ ಎಂದರೆ ಅವನ ತಂದೆಯ ಅಕ್ಕ, ಆನಂದೀಬಾಯಿಯವರು. ತಾಯಿ ತೀರಿಕೊಂಡ ಈ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡು ಸಾಕಿದವರು ಅವರೇ. ನಾನು ಅರ್ಧ ರೊಟ್ಟಿ ಮುರಿದುಕೊಂಡೆ. ಬಿಜ್ಜರಗಿಯಿಂದ ಬಂದು ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಗೈಬುಸಾಬನೆಂಬ ಹುಡುಗ ಕರೆಯದಿದ್ದರೂ ಬಂದು ಒಂದು ರೊಟ್ಟಿ ಮುಗಿಸಿದ. ಉಳಿದದ್ದನ್ನು ನಂದಕಿಶೋರ ಕಣ್ಣೊರೆಸಿಕೊಂಡು ತಾನೇ ಉಂಡ. ಅಂದು ಆರಂಭಿಸಿದ ಊಟವನ್ನು ಅವನು ಮುಂದೆ ನಲವತ್ತು ವರ್ಷ ನಿಲ್ಲಿಸಲಿಲ್ಲ.

ಮುಂದಿನ ಕತೆಯನ್ನು ನನಗೆ ಅವನೂ, ಅವನ ಹೆಂಡತಿ ಶರ್ವರಿಯೂ, ಅದೇ ಗೈಬುಸಾಬನೂ ತುಂಡುತುಂಡಾಗಿ ಹೇಳಿದರು. ಮೂವರೂ ನಗುತ್ತಲೇ ಹೇಳಿದರು. ಕೇಳುವಾಗ ನಾನೂ ನಕ್ಕೆ. ಮನೆಗೆ ಬಂದು ಕುಳಿತ ಮೇಲೆ ಅಷ್ಟಾಗಿ ನಗು ಬರಲಿಲ್ಲ.

ನಂದಕಿಶೋರ ಓದು ಮುಗಿಸಿ, ವಿಜಯಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಕುರ್ಚಿಯಿಂದ ಕುರ್ಚಿಗೆ ಏರುತ್ತ ಸೂಪರಿಂಟೆಂಡೆಂಟ್ ಆದ. ತೂಕವೂ ಅವನ ಜೊತೆಗೇ ಬಡ್ತಿ ಪಡೆಯುತ್ತ ಹೋಯಿತು. ಟಿಕೋಟಾದಿಂದ ಬಬಲೇಶ್ವರದವರೆಗೆ ಯಾರ ಮನೆಯಲ್ಲಿ ಮುಂಜಿ, ಮದುವೆ, ಶ್ರಾದ್ಧ ನಡೆದರೂ ಅವನಿಗೆ ಕರೆ ಬರುತ್ತಿತ್ತು. ನಂದಕಿಶೋರ ಉಂಡರೆ ಅಡಿಗೆ ಸಾರ್ಥಕವಾಯಿತೆಂದು ಜನ ನಂಬಿದ್ದರು. ಹೋಳಿಗೆಯ ಬುಟ್ಟಿ ಹಿಡಿದು ಬಂದವರು ಅವನ ಎಲೆಯ ಮುಂದೆ ನಿಂತು, ಸೊಂಟ ನೆಟ್ಟಗೆ ಮಾಡಿಕೊಂಡು, ನಂತರ ಬಡಿಸಲು ಆರಂಭಿಸುತ್ತಿದ್ದರು. "ಸಾಕು" ಎಂಬ ಶಬ್ದವನ್ನು ಅವನ ಬಾಯಿಂದ ಕೇಳಿದವರು ಆ ಸೀಮೆಯಲ್ಲಿ ಇರಲಿಲ್ಲ. ಅತ್ಯಾ ಆ ಕೀರ್ತಿಯನ್ನು ಕೇಳಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. "ತಾಯಿಲ್ಲದ ಕೂಸು ಅಂತ ಯಾರರೆ ಅಂತಾರೇನು ಈಗ?" ಎನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ದೇಹ ಲೆಕ್ಕ ಕೇಳಲು ಶುರುಮಾಡಿತು. ಮೊದಲು ಮೊಣಕಾಲು ರಾಜೀನಾಮೆ ಕೊಟ್ಟವು. ಸಕ್ಕರೆ ಕಾಯಿಲೆ ಬಂದು ಅಧಿಕಾರ ವಹಿಸಿಕೊಂಡಿತು. ನಿದ್ದೆಯಲ್ಲಿ ಉಸಿರು ನಡುನಡುವೆ ನಿಂತುಬಿಡತೊಡಗಿತು. ಪಕ್ಕದಲ್ಲಿ ಶರ್ವರಿ ಎದ್ದು ಕುಳಿತು, ಮುಂದಿನ ಉಸಿರು ಬರುವವರೆಗೆ ತಾನೂ ಉಸಿರು ಹಿಡಿದು ಕಾಯುತ್ತಿದ್ದಳು. ಮನೆಯಲ್ಲಿದ್ದವರು ಅವರಿಬ್ಬರೇ. ಒಂದು ಬೆಳಿಗ್ಗೆ ಅವಳು ಚಹದ ಕಪ್ಪು ಕೆಳಗಿಟ್ಟು, "ಹಿಂಗ ಕಾಯೂದು ನನಗ ಇನ್ನ ಆಗೂದಿಲ್ಲ. ನೀವು ಹೋದ್ರ ಹೋದ್ರಿ ಅಂತ ಒಮ್ಮೆ ಅತ್ತು ಮುಗಸ್ತೇನಿ. ದಿನಾ ಇಷ್ಟಿಷ್ಟ ಹೋಗಬ್ಯಾಡ್ರಿ" ಎಂದಳು.

ಆ ಮಾತಿಗೆ ಹೆದರಿ ಇಬ್ಬರೂ ಪುಣೆಗೆ ಹೋದರು. ಅಲ್ಲಿನ ಡಾಕ್ಟರರು, ಹೊಟ್ಟೆಯ ಮೇಲ್ಭಾಗದಲ್ಲಿ ಮೊಟ್ಟೆಯಷ್ಟು ಸಣ್ಣ ಚೀಲ ಮಾಡಿ, ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತೇವೆ, ಉಳಿದ ಹೊಟ್ಟೆಗೆ ಇನ್ನು ಊಟ ಹೋಗುವುದಿಲ್ಲ ಎಂದರು. ನಲವತ್ತು ವರ್ಷ ದುಡಿದ ಹೊಟ್ಟೆಗೆ ಹೀಗೆ ಕಡ್ಡಾಯ ನಿವೃತ್ತಿ ಆಯಿತು. ಆಹಾರದ ಸಲಹೆ ಕೊಡುವ ಹೆಣ್ಣುಮಗಳು ಬೆಳಗಾವಿ ಕಡೆಯವಳು. ಕನ್ನಡದಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಮೊದಲ ಆರೆಂಟು ತಿಂಗಳು ತೂಕ ಭಾಳ ಜೋರಾಗಿ ಇಳೀತದ್ರಿ. ಮೂರ್ನಾಲ್ಕು ತಿಂಗಳಿಗೆ ಕೂದಲಾ ಉದುರ್ತಾವ, ಹೆದರಬ್ಯಾಡ್ರಿ, ಮತ್ತ ಬರ್ತಾವ. ಥಂಡಿ ಹತ್ತತದ. ಮಾರಿ ಜೋತು ಬೀಳ್ತದ. ಮೊದಲ ಬ್ಯಾಳಿ, ಪನೀರ್, ಮೊಸರು. ಜಾಗಾ ಉಳಿದ್ರ ಉಳದದ್ದು. ತುತ್ತಿನ ಜೋಡಿ ನೀರು ಕುಡೀಬ್ಯಾಡ್ರಿ. ಸಿಹಿ, ತುಪ್ಪ ಒಮ್ಮೆಲೆ ತಿಂದ್ರ ಜೀವ ಹೋದ್ಹಂಗ ಆಗತದ. ಹೋಗೂದಿಲ್ಲ, ಆದ್ರ ಹೋದ್ಹಂಗ ಆಗತದ. ಗುಳಿಗಿ ಜೀವ ಇರೂತನಕ. ಮತ್ತ ಒಂದ ಮಾತು, ಬಳಗದವರಿಗೆಲ್ಲಾ ಮೊದಲ ಹೇಳಿಡ್ರಿ. ಇಲ್ಲಂದ್ರ ನಿಮ್ಮನ್ನ ನೋಡಿ ಅವರು ಹೆದರ್ತಾರ."

ಈ ಉಪದೇಶದಲ್ಲಿ ಕೊನೆಯ ಮಾತೊಂದನ್ನು ಬಿಟ್ಟು ಉಳಿದುದನ್ನೆಲ್ಲ ನಂದಕಿಶೋರ ತಪ್ಪದೆ ಪಾಲಿಸಿದ.

"ಕೇಳು ಶರ್ವರಿ," ಎಂದು ಅವನು ಊರಿಗೆ ಮರಳುವಾಗ ರೈಲಿನಲ್ಲಿಯೇ ಘೋಷಿಸಿದ. "ಪುಣೆಗೆ ಟ್ರೇನಿಂಗಿಗೆ ಹೋಗಿದ್ದೆ. ಅಲ್ಲೆ ವಾಕಿಂಗ್ ರೂಢಿ ಆತು. ಇಷ್ಟ. ಈ ಮಾತು ನಮ್ಮಿಬ್ಬರ ಕಿವಿ ದಾಟಬಾರದು."

"ಯಾಕ? ಕಳವು ಮಾಡೇವೇನು?"

"ಬಾಯಿ ಕಟ್ಟಲಿಕ್ಕಾಗಲಿಲ್ಲಂತ ಹೊಟ್ಟಿ ಕೊಯ್ಸಿಕೊಂಡಾನ ಅಂತಾರ ಜನ. ಜನರದ್ದು ಬಿಡು. ಅತ್ಯಾಗ ಏನಂತ ಹೇಳ್ಲಿ? ನೀ ಉಣಿಸಿ ಉಣಿಸಿ ಬೆಳಸಿದ ಹೊಟ್ಟಿ ನನಗ ಬ್ಯಾಡಾಗಿತ್ತು, ಕೊಯ್ಸಿ ಬಂದೆ ಅಂತ ಹೇಳ್ಲೇನು? ಆಕಿ ಎದಿ ಒಡದು ಸಾಯ್ತಾಳ."

ಎರಡನೆಯ ಕಾರಣ ನಿಜವೆಂದು ಶರ್ವರಿಗೆ ಗೊತ್ತಿತ್ತು. ಮೊದಲನೆಯದು ಅದಕ್ಕಿಂತ ಹೆಚ್ಚು ನಿಜವೆಂದೂ ಗೊತ್ತಿತ್ತು.

ಮೊದಲ ತಿಂಗಳುಗಳು ವೈಭವದಿಂದ ಕಳೆದವು. ಕಚೇರಿಯಲ್ಲಿ ಚಪರಾಸಿಯಿಂದ ಸಾಹೇಬರವರೆಗೆ ಎಲ್ಲರೂ ತೂಕ ಇಳಿದ ಗುಟ್ಟು ಕೇಳುವವರೇ. ನಂದಕಿಶೋರ ಗೋಳಗುಮ್ಮಟದ ಸುತ್ತ ನಸುಕಿನಲ್ಲಿ ನಡೆಯುವುದರ ಮಹಿಮೆಯನ್ನು ಗಂಟೆಗಟ್ಟಲೆ ವರ್ಣಿಸಿದ. ಕೇಳಿ ಇಬ್ಬರು ಗುಮಾಸ್ತರು ನಡೆಯತೊಡಗಿದರು. ನಡೆದು ಹಸಿವಾಗಿ ದಿನಾಲು ಇಡ್ಲಿ-ವಡೆ ತಿಂದು ತಿಂಗಳಲ್ಲಿ ಮತ್ತಷ್ಟು ದಪ್ಪಗಾದರು. ತಮ್ಮ ನಡಿಗೆಯಲ್ಲೇ ಏನೋ ದೋಷವಿದೆಯೆಂದು ಅವರು ನೊಂದುಕೊಂಡರು.

ಆಮೇಲೆ ಆ ಹೆಣ್ಣುಮಗಳು ಹೇಳಿದ ಉಳಿದದ್ದೆಲ್ಲ ಒಂದೊಂದಾಗಿ ಬಂದು ಹಾಜರಿ ಹಾಕಿತು. ಬಾಚಣಿಗೆಗೆ ಮುಷ್ಟಿಗಟ್ಟಲೆ ಕೂದಲು ಬಂತು. ಕೆನ್ನೆ ಕರಗಿ, ಚರ್ಮ ಎಲ್ಲಿ ಹೋಗಬೇಕೆಂದು ತಿಳಿಯದೆ ಗದ್ದದ ಕೆಳಗೆ ಜೋತುಬಿತ್ತು. ತಿಂಗಳಿಗೊಂದು ಅಳತೆಯ ಅಂಗಿ ಹೊಲಿಸುವುದು ದಂಡವೆಂದು ಹಳೆಯ ಅಂಗಿಗಳನ್ನೇ ಹಾಕುತ್ತಿದ್ದ. ಅವು ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿದ್ದವು. ಏಪ್ರಿಲ್ ತಿಂಗಳ ಬಿಸಿಲಿಗೆ ಸೊಲ್ಲಾಪುರ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿರುವಾಗ ನಂದಕಿಶೋರ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಕಚೇರಿಗೆ ಹೊರಟ.

ಜನ ಕೇಳುವುದನ್ನು ನಿಲ್ಲಿಸಿದರು. ಅವನಿಗೆ ತಿಳಿಯಬೇಕಾದದ್ದು ಅಲ್ಲಿಯೇ. ಗುಟ್ಟೇನು ಎಂದು ಹಿಂದೆ ಬೀಳುತ್ತಿದ್ದವರು ಈಗ ಅವನು ಬಂದರೆ ದನಿ ತಗ್ಗಿಸುತ್ತಿದ್ದರು. ಸಾಹೇಬರು ತಾವಾಗಿಯೇ ಕರೆದು, "ಭಾರದ ಕೆಲಸ ಬ್ಯಾರೆಯವರಿಗೆ ಕೊಡೋಣ್ರಿ, ನೀವು ಆರಾಮ ಇರ್ರಿ" ಎಂದರು. ಕಚೇರಿಯಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ ಸಾಹೇಬರು ಹೀಗೆ ಮಾತಾಡುತ್ತಿದ್ದರು.

"ಇನ್ನರೆ ಹೇಳ್ರಿ," ಎಂದಳು ಶರ್ವರಿ. "ಹೊಟ್ಟಿ ಕೊಯ್ಸಿಕೊಂಡಾನ ಅಂತಾರಂತ ಹೆದರಿದ್ರಿ. ಈಗೇನಂತಾರ ಗೊತ್ತದೇನು? ಹೊಂಟಾನ ಅಂತಾರ."

"ಎಲ್ಲಿಗೆ?"

ಅವಳು ಒಳಗೆ ಹೋದಳು.

ನಮ್ಮ ಕಡೆ ಯಾರಾದರೂ ಉಳಿಯುವುದಿಲ್ಲ ಎಂದು ಗೊತ್ತಾದರೆ ಬಂಧು-ಬಳಗ "ಮಾತಾಡಿಸಿ ಬರೋಣ" ಎಂದು ಹೊರಡುತ್ತದೆ. ಬರಿಗೈಯಲ್ಲಿ ಹೋಗುವುದಿಲ್ಲ. ಹೋಗುವ ಜೀವ ಏನನ್ನೂ ಬಯಸಿ ಹೋಗಬಾರದೆಂದು ಅದಕ್ಕೆ ಪ್ರೀತಿಯಾದುದನ್ನೇ ಮಾಡಿಕೊಂಡು ಹೋಗುತ್ತದೆ. ನಂದಕಿಶೋರನಿಗೆ ಪ್ರೀತಿಯಲ್ಲದ ತಿನಿಸೇ ಇರಲಿಲ್ಲವಾದ್ದರಿಂದ ಬಂದವರಿಗೆ ಕಷ್ಟವಾಗಲಿಲ್ಲ. ಕಡುಬು ಬಂತು, ಶ್ರೀಖಂಡ ಬಂತು, ಇಟ್ಟಂಗಿಹಾಳದ ದೂರದ ಸಂಬಂಧಿಯೊಬ್ಬರು ಡಬ್ಬಿ ತುಂಬ ಬುಂದಿ ಉಂಡಿ ತಂದು, ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಗೋಡೆ ನೋಡುತ್ತ ಕುಳಿತು ಹೋದರು. ನಂದಕಿಶೋರ ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಮುಟ್ಟಿ "ಸಾಕ್ರಿ" ಎನ್ನುತ್ತಿದ್ದ. ಆ ಶಬ್ದವನ್ನು ಅವನ ಬಾಯಿಂದ ಕೇಳಿದವರಿಗೆ ಇನ್ನೇನೂ ಅನುಮಾನ ಉಳಿಯುತ್ತಿರಲಿಲ್ಲ. ಹೊರಗೆ ಹೋಗಿ ಚಪ್ಪಲಿ ಮೆಟ್ಟುವಾಗ ಅಳುತ್ತಿದ್ದರು.

ತಂದದ್ದನ್ನು ಚೆಲ್ಲುವುದಕ್ಕೆ ಮನಸ್ಸಾಗದೆ ಶರ್ವರಿ ತಿಂದಳು. ಗಂಡ ಇಳಿದಂತೆ ಅವಳು ಏರಿದಳು. ಮನೆಯ ಒಟ್ಟು ತೂಕ ಮೊದಲಿನಷ್ಟೇ ಇತ್ತು. ಜಾಗ ಮಾತ್ರ ಬದಲಾಗಿತ್ತು.

ಒಂದು ದಿನ ಗೈಬುಸಾಬ ಬಂದ. ಬಿಜ್ಜರಗಿಯಲ್ಲಿ ಅವನಿಗೆ ದ್ರಾಕ್ಷಿ ತೋಟ. ಒಣದ್ರಾಕ್ಷಿಯ ಚೀಲ ಹೆಗಲ ಮೇಲೆ ಹೊತ್ತು ಒಳಗೆ ಬಂದವನು ಗೆಳೆಯನನ್ನು ನೋಡಿ ಚೀಲವನ್ನು ಇಳಿಸುವುದನ್ನೇ ಮರೆತು ನಿಂತ.

"ಲೇ ನಂದ್ಯಾ, ಡಾಕ್ಟರ್ ಏನಂದಾನ? ಖರೇ ಹೇಳು."

"ಏನಿಲ್ಲಪಾ. ವಾಕಿಂಗ್."

"ವಾಕಿಂಗ್ ಮಾಡಿದ್ರ ತಲಿ ಕೂದಲಾ ಉದುರ್ತಾವೇನೋ? ತಲಿ ಮ್ಯಾಲೆ ನಡಿಯಾಕತ್ತಿಯೇನು?"

ಶರ್ವರಿ ಅಡಿಗೆಮನೆಯ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಂದಕಿಶೋರ ಮಫ್ಲರ್ ಸರಿಮಾಡಿಕೊಂಡ.

"ವಯಸ್ಸಾತಲ್ಲಪಾ," ಎಂದ.

ಗೈಬುಸಾಬ ಹೆಚ್ಚು ಕೇಳಲಿಲ್ಲ. ಹಿಂತಿರುಗುವಾಗ ದರ್ಗಾಕ್ಕೆ ಹೋಗಿ, ಗೆಳೆಯ ಉಳಿದರೆ ಅವನ ತೂಕದಷ್ಟು ಸಕ್ಕರೆ ಓದಿಸಿ ಹಂಚುತ್ತೇನೆಂದು ಬೇಡಿಕೊಂಡ. ಮನಸ್ಸು ತಡೆಯದೆ ಮರುದಿನ ಬಬಲೇಶ್ವರಕ್ಕೆ ಹೋಗಿ ಅತ್ಯಾನ ಕಾಲ ಬಳಿ ಕುಳಿತು, "ಅತ್ಯಾ, ನಮ್ಮ ನಂದ್ಯಾನ್ನ ಒಮ್ಮೆ ನೋಡಿ ಬಾ. ಭಾಳ ದಿನ ಇಲ್ಲ" ಎಂದು ಅತ್ತುಬಿಟ್ಟ.

ಆನಂದೀಬಾಯಿಯವರು ನಂದಕಿಶೋರನ ಕಾಕನ ಮಗ ಅಶೋಕನ ಮನೆಯಲ್ಲಿದ್ದರು. ಆರು ತಿಂಗಳಿಂದ ನಂದೂ ಫೋನಿನಲ್ಲಿ ಮಾತಾಡುವುದೇ ಹೊರತು ಮುಖ ತೋರಿಸಿರಲಿಲ್ಲ. ಅವರು ಅಳಲಿಲ್ಲ. ಎದ್ದು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ದೇವರ ಮುಂದೆ ಕುಳಿತರು. ಎದ್ದು ಬಂದು ಅಶೋಕನಿಗೆ ಹೇಳಿದರು: "ನಂದೂ ಈ ಮನ್ಯಾಗ, ನನ್ನ ಕೈಲೆ ಬಡಿಸಿಕೊಂಡು, ಮೊದಲಿನ್ಹಂಗ ಹೊಟ್ಟಿ ತುಂಬ ಉಣ್ಣೂತನಕ ನಾ ಅನ್ನ-ರೊಟ್ಟಿ ಮುಟ್ಟಂಗಿಲ್ಲ. ದೇವರಿಗೆ ಮಾತು ಕೊಟ್ಟೇನಿ."

ಅಶೋಕ ಫೋನು ಮಾಡುವ ಹೊತ್ತಿಗೆ ಹಲವು ದಿನಗಳಾಗಿದ್ದವು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲವೆಂದು ಅತ್ಯಾ ಅವನಿಂದ ಆಣೆ ಮಾಡಿಸಿಕೊಂಡಿದ್ದರು. ಬಚ್ಚಲಿನಲ್ಲಿ ಅವರು ಕಣ್ಣಿಗೆ ಕತ್ತಲೆ ಬಂದು ಬಿದ್ದ ಮೇಲೆ ಅವನು ಆಣೆ ಮುರಿದ.

"ಒಂದು ಲೋಟ ಹಾಲಿನ ಮ್ಯಾಲೆ ಇದ್ದಾಳ. ಸಲಾಯಿನ್ ಹಚ್ಚಿದ್ವಿ, ಕಿತ್ತ ಒಗದಾಳ. ಈ ವಯಸ್ಸಿಗೆ ಇನ್ನೊಂದು ವಾರ ಹಿಂಗ ಇದ್ರ ಕೈ ಬಿಟ್ಟಂಗ ಅಂತ ಡಾಕ್ಟರ್ ಹೇಳ್ಯಾರ. ನೀ ಬಂದು ನಾಕು ತುತ್ತು ಜಾಸ್ತಿ ಉಂಡು ಹೋಗೋ ಮಾರಾಯಾ."

ನಂದಕಿಶೋರ ಫೋನು ಕೆಳಗಿಟ್ಟು ತನ್ನ ಊಟದ ಬಟ್ಟಲನ್ನು ನೋಡಿದ. ಮಗುವಿಗೆ ಔಷಧ ಕುಡಿಸುವಂಥ ಬೆಳ್ಳಿ ಬಟ್ಟಲು. ಅದರಲ್ಲಿ ಇನ್ನೂ ಅರ್ಧ ತವ್ವೆ ಉಳಿದಿತ್ತು.

"ಮೊದಲಿನ್ಹಂಗ ಉಣ್ಣೂದು ಈ ಜನ್ಮದಾಗ ಆಗೂದಿಲ್ಲ," ಎಂದಳು ಶರ್ವರಿ. "ಹೋಗಿ ಖರೇ ಹೇಳ್ರಿ."

"ಹೇಳಿದ್ರ ಆಕಿ ಉಳೀತಾಳಂತ ಗ್ಯಾರಂಟಿ ಕೊಡ್ತೀಯೇನು?"

ಮರುದಿನ ಬೆಳಿಗ್ಗೆ ಗೈಬುಸಾಬನ ಗಾಡಿಯಲ್ಲಿ ಮೂವರೂ ಬಬಲೇಶ್ವರಕ್ಕೆ ಹೊರಟರು. ಗೈಬುಸಾಬ ಮುಂದೆ ಗಾಡಿ ಹೊಡೆಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಪಿಸುಮಾತಿನಲ್ಲಿ ಯುದ್ಧದ ವ್ಯೂಹ ರಚಿಸುತ್ತಿದ್ದರು. ನಂದಕಿಶೋರ ಎಲೆಗೆ ಎಲ್ಲ ಹಾಕಿಸಿಕೊಳ್ಳುವುದು, ಪಕ್ಕದಲ್ಲಿ ಕುಳಿತ ಶರ್ವರಿ ಅದನ್ನು ತನ್ನ ಎಲೆಗೆ ಸರಿಸಿಕೊಂಡು ಉಣ್ಣುವುದು. ಮಾತಾಡಿಸಲು ಬಂದವರ ತಿನಿಸು ತಿಂದು ಅವಳಿಗೆ ಅಷ್ಟರಮಟ್ಟಿಗೆ ತಾಲೀಮು ಆಗಿತ್ತು.

ಅತ್ಯಾ ಮಂಚದ ಮೇಲೆ ಗೋಡೆಗೆ ಒರಗಿದ್ದರು. ನಂದಕಿಶೋರ ಒಳಗೆ ಬಂದು ಎದುರಿಗೆ ನಿಂತ. ಅವರು ಅವನನ್ನು ನೋಡಿದರು. ಅವನ ಹಿಂದಿನ ಬಾಗಿಲನ್ನು ನೋಡಿದರು.

"ಶರ್ವರೀ, ನಂದೂ ಎಲ್ಲೆ? ಗಾಡಿ ಇಳದಿಲ್ಲೇನು?"

ನಂದಕಿಶೋರ ಬಗ್ಗಿ ಅವರ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡ. ಜೋತ ಚರ್ಮದ ಮೇಲೆ ಬೆರಳು ಅಲ್ಲಲ್ಲಿ ತಡವರಿಸಿ, ಕಿವಿಯ ಹಿಂದಿನ ಹಳೆಯ ಗಾಯದ ಗುರುತಿಗೆ ಬಂದು ನಿಂತಿತು.

"ಅತ್ಯಾ, ನಾ ನಿನಗೊಂದ ಮಾತು..." ಎಂದು ಆರಂಭಿಸಿದ.

"ಉಂಡ ಮ್ಯಾಲೆ ಹೇಳು," ಎಂದರು. ಗೋಡೆ ಹಿಡಿದುಕೊಂಡು ಎದ್ದು ಅಡಿಗೆಮನೆಗೆ ಹೋದರು. ಹಾಲಿನ ಮೇಲೆ ಇದ್ದ ಆ ದೇಹ ಅಶೋಕನ ಹೆಂಡತಿಯನ್ನು ಒಲೆಯ ಮುಂದೆ ಕೂರಿಸಿ, ಹೂರಣದ ಹದವನ್ನು ಬೆರಳಲ್ಲಿ ಒತ್ತಿ ನೋಡಿ, ಮಧ್ಯಾಹ್ನದೊಳಗೆ ಹೋಳಿಗೆ ಮುಗಿಸಿತು.

ಎಲೆ ಹಾಕಿದರು. ಗೈಬುಸಾಬ ಬಾಗಿಲ ಹತ್ತಿರ, ನಂದಕಿಶೋರ ಮತ್ತು ಶರ್ವರಿ ಒಟ್ಟಿಗೆ. ಅತ್ಯಾ ಮಣೆ ಹಾಕಿಕೊಂಡು ನಂದಕಿಶೋರನ ಎದುರಿಗೇ ಕುಳಿತರು. ರಚಿಸಿದ ವ್ಯೂಹ ಅಲ್ಲಿಯೇ ಕುಸಿಯಿತು. ಅವರು ಎಲೆಯನ್ನು ನೋಡುತ್ತಲೇ ಇರಲಿಲ್ಲ. ಅವನ ಗಂಟಲನ್ನು ನೋಡುತ್ತಿದ್ದರು. ತುತ್ತು ಒಳಗೆ ಇಳಿಯುವುದು ಕಂಡಾಗ ಅವರ ಗಂಟಲೂ ಒಮ್ಮೆ ಅಲುಗುತ್ತಿತ್ತು. ಹಸಿದವರ ಗಂಟಲು.

ಅದನ್ನು ನೋಡಿದ ಮೇಲೆ ನಂದಕಿಶೋರನಿಗೆ ಪುಣೆಯೂ ನೆನಪಾಗಲಿಲ್ಲ, ಡಾಕ್ಟರರೂ ನೆನಪಾಗಲಿಲ್ಲ. ತುಪ್ಪ ಸುರಿದ ಹೋಳಿಗೆಯನ್ನು ಮುರಿದು ನುಂಗಿದ. ಇನ್ನೊಂದು ತುತ್ತು. ಮತ್ತೊಂದು. ಶರ್ವರಿ ಮೊಣಕೈಯಿಂದ ತಿವಿದಳು. ಅವನು ಅರ್ಧ ಹೋಳಿಗೆ ಮುಗಿಸಿ, ಹಾಲು ಹಾಕಿಸಿಕೊಂಡು ಉಳಿದರ್ಧಕ್ಕೆ ಕೈಹಾಕಿದ. ಅತ್ಯಾನ ಮುಖದಲ್ಲಿ ಬಣ್ಣ ಬರತೊಡಗಿತು. ಅವನ ಮುಖದಲ್ಲಿ ಇದ್ದ ಬಣ್ಣ ಹೋಗತೊಡಗಿತು.

ಮೊದಲು ಬೆವರು ಬಂತು. ಸ್ವೆಟರ್ ಹಾಕಿಕೊಂಡೇ ಚಳಿಯಲ್ಲಿ ನಡುಗುತ್ತಿದ್ದ ಮನುಷ್ಯ ನೀರಲ್ಲಿ ಅದ್ದಿ ತೆಗೆದಂತಾದ. ಎದೆಯಲ್ಲಿ ಡೊಳ್ಳು ಬಡಿಯಿತು. ಹೊಟ್ಟೆಯೊಳಗೆ ಯಾರೋ ಅರಿವೆ ಹಿಂಡಿದಂತಾಯಿತು. ಜೀವ ಹೋದ್ಹಂಗ ಆಗತದ ಎಂದ ಹೆಣ್ಣುಮಗಳ ಮಾತು ನೆನಪಾಯಿತು. ಹೋಗೂದಿಲ್ಲ ಎಂದದ್ದು ನೆನಪಾಗುವ ಮೊದಲೇ ಅವನು ಎಲೆಯ ಪಕ್ಕಕ್ಕೆ ಉರುಳಿದ.

ಬಾಯಿ ಕಟ್ಟಿತ್ತು, ಕಣ್ಣು ಮುಚ್ಚಿತ್ತು. ಕಿವಿ ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ. ತನ್ನ ಸುತ್ತ ನಡೆದುದನ್ನೆಲ್ಲ ನಂದಕಿಶೋರ ಕೇಳುತ್ತ ಮಲಗಿದ್ದ.

"ತುಳಸಿ ತಾ," ಎಂದರು ಅತ್ಯಾ. ದನಿ ನಡುಗಲಿಲ್ಲ. "ಅಶೋಕಾ, ದೇವರ ಮನ್ಯಾಗ ಗಂಗಿ ಗಿಂಡಿ ಅದ, ತಾ."

"ಅದು ನಿನಗಂತ ಇಟ್ಟಿದ್ದಲ್ಲೇನು, ಅತ್ಯಾ?"

"ನಂದೂಗ ಬೇಕಾಗ್ಯದ, ತಾ ಅಂದೆ."

ಕಾಶಿಗೆ ಹೋದಾಗ ತಂದ ತಾಮ್ರದ ಪುಟ್ಟ ಗಿಂಡಿ ಅದು. ಕೊನೆಯ ಗಳಿಗೆಯಲ್ಲಿ ತಮ್ಮ ಬಾಯಿಗೆ ಬಿಡಲೆಂದು ಗಂಗೆಯನ್ನು ತುಂಬಿ, ಬಾಯಿ ಬೆಸೆಸಿ, ಮೂವತ್ತು ವರ್ಷದಿಂದ ಅವರು ಕಾದಿಟ್ಟಿದ್ದರು. ಬೆಸುಗೆ ಎಷ್ಟು ಗಟ್ಟಿಯಿತ್ತೆಂದರೆ ಅಶೋಕನ ಕೈಲಿ ಬಿಚ್ಚಲಿಲ್ಲ, ಚಾಕುವಿಗೆ ಬಿಚ್ಚಲಿಲ್ಲ. "ತಡೀರಿ, ತಡೀರಿ," ಎಂದು ಗೈಬುಸಾಬ ಅಳುತ್ತಲೇ ಓಡಿಹೋಗಿ ಗಾಡಿಯಿಂದ ಪಕ್ಕಡ ತಂದ. ಬಬಲೇಶ್ವರದ ಗಂಗೆಯ ಬಾಯಿ ಬಿಜ್ಜರಗಿಯ ಪಕ್ಕಡದಿಂದ ತೆರೆಯಿತು.

"ಬ್ಯಾಡ್ರಿ, ಅತ್ಯಾ, ನೀರು ಬ್ಯಾಡ್ರಿ. ತುತ್ತಿನ ಜೋಡಿ ನೀರು ಕೊಡಬಾರದು ಅಂದಾರ," ಎಂದು ಶರ್ವರಿ ಕೂಗಿಕೊಂಡಳು. ಗಂಗೆಗೆ ಅಡ್ಡ ಬರುವ ಸೊಸೆಯನ್ನು ಎಲ್ಲರೂ ಬಾಯಿಬಿಟ್ಟು ನೋಡಿದರು. ಅಷ್ಟರಲ್ಲಿ ಗಿಂಡಿ ನಂದಕಿಶೋರನ ತುಟಿಗೆ ತಾಗಿ, ಮೂವತ್ತು ವರ್ಷದ ನೀರು ಒಳಗಿಳಿಯಿತು.

ಮೊಟ್ಟೆಯಷ್ಟು ಹೊಟ್ಟೆಯಲ್ಲಿ ಹೋಳಿಗೆ, ತುಪ್ಪ, ಹಾಲು ಆಗಲೇ ತುಂಬಿದ್ದವು. ಗಂಗೆಗೆ ಜಾಗವಿರಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿತು, ಎಲ್ಲವನ್ನೂ ಕರೆದುಕೊಂಡು. ನಂದಕಿಶೋರ ಎದ್ದು ಕುಳಿತ. ಮೀಸೆಗೆ ತುಳಸಿ ಎಲೆ ಅಂಟಿತ್ತು.

"ನಾ ಸಾಯಾಕತ್ತಿಲ್ಲ," ಎಂದ. "ಪುಣೆಗೆ ಹೋಗಿ ಹೊಟ್ಟಿ ಕೊಯ್ಸಿ ಸಣ್ಣ ಮಾಡಿಸಿಕೊಂಡು ಬಂದೇನಿ. ಯಾರಿಗೂ ಹೇಳಲಿಲ್ಲ."

ಮೊದಲು ಬಾಯಿಬಿಟ್ಟವನು ಗೈಬುಸಾಬ. ಪಕ್ಕಡ ಇನ್ನೂ ಅವನ ಕೈಯಲ್ಲಿತ್ತು.

"ಅಂದ್ರ ನಿನಗ ಏನೂ ಆಗಿಲ್ಲ?"

"ಇಲ್ಲಪಾ."

"ನಿನ್ನ ತೂಕದಷ್ಟು ಸಕ್ರಿ ಓದಸ್ತೇನಿ ಅಂತ ದರ್ಗಾದಾಗ ಬೇಡಿಕೊಂಡು ಬಂದೇನಲೇ ಮಗನ. ಪುಣ್ಯಾಕ್ಕ ಈಗ ಬೇಡಿಕೊಂಡೆ. ಮೊದಲಿನ ತೂಕ ಇದ್ದಾಗ ಬೇಡಿಕೊಂಡಿದ್ರ ದ್ರಾಕ್ಷಿ ತ್ವಾಟಾ ಮಾರಬೇಕಾಗ್ತಿತ್ತು."

ಯಾರೂ ನಗಲಿಲ್ಲ. ಎಲ್ಲರೂ ಅತ್ಯಾನನ್ನು ನೋಡುತ್ತಿದ್ದರು. ಅವರು ಖಾಲಿ ಗಿಂಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೆಲ್ಲಿದ ಹೋಳಿಗೆಯನ್ನು ನೋಡುತ್ತ ಕುಳಿತಿದ್ದರು.

"ಶರ್ವರೀ, ಈಗ ಎಷ್ಟ ಉಣ್ತಾನ?"

ಶರ್ವರಿ ಚೀಲದಿಂದ ಬೆಳ್ಳಿ ಬಟ್ಟಲನ್ನು ತೆಗೆದು ತೋರಿಸಿದಳು. ಅತ್ಯಾ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದರು.

"ನಂದೂ, ಸಣ್ಣಾವ ಇದ್ದಾಗ ನಾ ಕಟ್ಟಿ ಕೊಡೂ ಬುತ್ತಿ ನಿನಗ ಹೆಚ್ಚಾಗ್ತಿತ್ತೇನು?"

ಅವನು ತಲೆ ತಗ್ಗಿಸಿದ.

"ಒಂದ ಮಾತು ಹೇಳಿದ್ರ ಕಡಿಮಿ ಹಾಕ್ತಿದ್ನಲ್ಲೋ."

"ನೀ ಅಳ್ತೀ ಅಂತ..."

"ಕಡಿಮಿ ಹಾಕಿದ್ರ ತಾಯಿಲ್ಲದ ಕೂಸನ್ನ ಉಪವಾಸ ಇಟ್ಟಾಳ ಅಂತಾರಂತ ನಾ ಹಾಕಿದೆ. ನಾ ಅಳ್ತೇನಂತ ನೀ ಉಂಡಿ." ಅವರು ಸೆರಗಿನಿಂದ ಗಿಂಡಿಯ ಬಾಯಿ ಒರೆಸಿದರು. "ಇಬ್ಬರೂ ಸೇರಿ ಏನ ಮಾಡಿದ್ವೋ ನಾವು."

ಅತ್ಯಾನ ಎದೆ ಒಡೆಯಲಿಲ್ಲ. ಆದರೆ ಹರಕೆ ಹಾಗೇ ಉಳಿಯಿತು. ನಂದಕಿಶೋರ ಕಾಲು ಹಿಡಿದ, ಅಶೋಕ ಕೈಮುಗಿದ. "ದೇವರಿಗೆ ಮೊದಲಿನ್ಹಂಗ ಉಣ್ಣೂತನಕ ಅಂತ ಹೇಳೇನಿ. ಅಂವ ಮೊದಲಿನ್ಹಂಗ ಉಣ್ಣಂಗಿಲ್ಲ. ನಾ ಹ್ಯಾಂಗ ಅನ್ನ ಮುಟ್ಟಲಿ?" ಎಂದು ಅವರು ಕುಳಿತಲ್ಲಿಂದ ಕದಲಲಿಲ್ಲ. ಕೊನೆಗೆ ಶರ್ವರಿ, ತಂದಿದ್ದ ಹೆಸರುಬೇಳೆಯ ತವ್ವೆಯನ್ನು ಬಟ್ಟಲಿಗೆ ಹಾಕಿ, "ಅತ್ಯಾ, ಇದು ಅನ್ನನೂ ಅಲ್ಲ, ರೊಟ್ಟಿನೂ ಅಲ್ಲರಿ. ಡಾಕ್ಟರ್ ಹೇಳಿದ್ದು" ಎಂದು ಮುಂದೆ ಹಿಡಿದಳು. ಅತ್ಯಾ ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು.

"ಇದಕ್ಕ ಊಟ ಅಂತ ಯಾರಂತಾರ," ಎಂದರು ತಿರಸ್ಕಾರದಿಂದ. ಊಟವಲ್ಲವೆಂದ ಮೇಲೆ ಹರಕೆ ಮುರಿಯುವ ಪ್ರಶ್ನೆಯೇ ಬರಲಿಲ್ಲ. ಅಷ್ಟನ್ನೂ ತಿಂದರು. ಶರ್ವರಿ ಮತ್ತೊಂದು ಬಟ್ಟಲು ಹಾಕಿದಳು.

ಇದಾಗಿ ವರ್ಷ ಕಳೆದಿದೆ. ನಂದಕಿಶೋರನ ತೂಕ ಇಳಿಯುವುದನ್ನು ನಿಲ್ಲಿಸಿದೆ. ಒಮ್ಮೆ ಒಂದೆರಡು ಕಿಲೋ ಹಿಂದಕ್ಕೂ ಬಂದು ಅವನ ನಿದ್ದೆ ಕೆಡಿಸಿತು. ನಿದ್ದೆ ಕೆಟ್ಟರೂ ಈಗ ಉಸಿರು ನಿಲ್ಲುವುದಿಲ್ಲ. ಶರ್ವರಿ ಬೆಳಗಿನವರೆಗೆ ಮಲಗುತ್ತಾಳೆ. ತಲೆಯ ಮೇಲೆ ಕುರಿಮರಿಯಂತೆ ಹೊಸ ಕೂದಲು ಬಂದಿದೆ. ಗುಳಿಗೆ ತಪ್ಪಿಸುವುದಿಲ್ಲ. ಅಂದು ಕೇಳಿದವರಿಗೂ ಹೇಳದವನು ಇಂದು ಕೇಳದವರಿಗೂ ಹೇಳುತ್ತಾನೆ. ಬಸ್ ನಿಲ್ದಾಣದಲ್ಲಿ ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸಲು ಹೋಗಿ ಕಂಡಕ್ಟರನಿಂದ ಬೈಸಿಕೊಂಡಿದ್ದಾನೆ. ಭಾನುವಾರ ಬಂತೆಂದರೆ ಬಬಲೇಶ್ವರಕ್ಕೆ ಹೋಗುತ್ತಾನೆ. ಅತ್ಯಾ ತವ್ವೆ, ಮೊಸರು, ಪನೀರಿನ ಮೇಲೆಯೇ ಇದ್ದಾರೆ. ಬಹಳ ತೆಳ್ಳಗಾಗಿದ್ದಾರೆ. ಈಗ ಬಳಗದವರು ಅವರನ್ನು ಮಾತಾಡಿಸಲು ಬರುತ್ತಿದ್ದಾರೆ.

ಹೋದ ತಿಂಗಳು ನಾನೂ ಹೋಗಿದ್ದೆ. ಅತ್ಯಾ, ಅವರು ಹೆತ್ತ ಮಗನಿಗಿಂತ ಹೆಚ್ಚಾಗಿ ಸಾಕಿದ ಮಗ, ಇಬ್ಬರೂ ಎದುರುಬದುರಾಗಿ ಒಂದೊಂದು ಸಣ್ಣ ಬಟ್ಟಲು ಹಿಡಿದು, ನಿಧಾನವಾಗಿ ಅಗಿಯುತ್ತ ಕುಳಿತಿದ್ದರು. ದೇವರ ಮನೆಯ ಗೂಡಿನಲ್ಲಿ ಖಾಲಿ ಗಿಂಡಿ ಕಾಣುತ್ತಿತ್ತು.

"ಮಾಸ್ತರ, ನೀವರೆ ಹೇಳ್ರಿ ಇವಗ," ಎಂದರು ಆನಂದೀಬಾಯಿಯವರು. "ನನಗಂತ ಇಟ್ಟ ಗಂಗಿ ಕುಡದು ಕುಂತಾನ. ಕಾಶಿಗೆ ಹೋಗಿ ಇನ್ನೊಂದ ತಂದು ಕೊಡು ಅಂದ್ರ ವರ್ಷಾತು ಆಟಾ ಆಡಸ್ತಾನ. ಅದು ಬರೂತನಕ ನಾ ಸಾಯೂಹಂಗೂ ಇಲ್ಲ."

"ಟಿಕೇಟ ಸಿಗವಲ್ದು, ಅತ್ಯಾ," ಎಂದ ನಂದಕಿಶೋರ, ಬಟ್ಟಲಿನಿಂದ ಕಣ್ಣೆತ್ತದೆ. "ಈ ಸಲನೂ ವೇಟಿಂಗ್ ಅಂತ ಬಂತು."

ಅವರು ತಮ್ಮ ಬಟ್ಟಲಿನಿಂದ ಒಂದು ಚಮಚ ತವ್ವೆ ತೆಗೆದು, ಕೇಳದೆಯೇ ಅವನ ಬಟ್ಟಲಿಗೆ ಹಾಕಿದರು.

"ಉಣ್ಣೂದೊಂದ ಬಿಟ್ಟಿ. ಸುಳ್ಳು ಹೇಳೂದ್ರಾಗ ಮೊದಲಿನ್ಹಂಗ ಇದ್ದೀ, ನೋಡು."